ಬಿಡಿಗತೆಗಳ ಸೂತ್ರ: ‘ಕೋಡ್ ಆಂಕೊನ್ಯು’ ಚಿತ್ರವನ್ನು ಕುರಿತು

ಬಿಡಿಬಿಡಿಯಾದ ಕಥೆಗಳನ್ನು ಒಂದೆಡೆ ತಂದು ಅದನ್ನು ಒಂದು ಕೃತಿಯೆಂದು ಕರೆಯಬೇಕಾದರೆ ಅವುಗಳನ್ನು ಬಂಧಿಸುವ ಸೂತ್ರವೊಂದಿರಬೇಕೆಂಬುದು ವಿಮರ್ಶೆಯ ಹಳೆಯ ಬೇಡಿಕೆ. ನಾಯಕನಾಗಲಿ, ವಂಶವಾಗಲಿ, ಒಂದು ಮಹಾಕಾರ್ಯವಾಗಲಿ ಆ ಸೂತ್ರವಾಗಬಹುದು. ಆದರೆ ಪರಸ್ಪರ ಪರಿಚಯವೇ ಇಲ್ಲದವರು ಒಂದೇ ವಾಹನದಲ್ಲಿ ಕುಳಿತ ಮಾತ್ರಕ್ಕೆ ಅವರ ಕಥೆಗಳು ಒಂದಾಗುವುವೆ? ಮಿಖಾಯೆಲ್ ಹಾನೆಕೆ 2000ದಲ್ಲಿ ನಿರ್ದೇಶಿಸಿದ ಫ್ರೆಂಚ್ ಚಿತ್ರ ‘ಕೋಡ್ ಆಂಕೊನ್ಯು’, ಎಂದರೆ ‘ಅಜ್ಞಾತ ಸಂಕೇತ’, ಎತ್ತುವ ಪ್ರಶ್ನೆಯಿದು. ಹಲವು ಪ್ರಯಾಣಗಳ ಅಪೂರ್ಣ ಕಥನವೆಂದು ಚಿತ್ರವೇ ತನ್ನನ್ನು ಕರೆದುಕೊಂಡಿದೆ.

ಪ್ಯಾರಿಸ್ಸಿನ ಬೀದಿಯಲ್ಲಿ ತರುಣನೊಬ್ಬನು ಭಿಕ್ಷುಕಿಯ ಮಡಿಲಿಗೆ ಕಾಗದದ ಚೀಲವನ್ನು ಮುದುರಿ ಎಸೆಯುತ್ತಾನೆ. ಆಫ್ರಿಕ ಮೂಲದ ಅಮಾದು ಅದನ್ನು ಪ್ರತಿಭಟಿಸುತ್ತಾನೆ. ಪೋಲೀಸರು ಬಂದಾಗ ಪ್ರತಿಭಟಿಸಿದವನೇ ಬಂಧಿತನಾಗುತ್ತಾನೆ. ಭಿಕ್ಷುಕಿ ಮರಿಯಾ ರುಮೇನಿಯಕ್ಕೆ ಗಡಿಪಾರಾಗುತ್ತಾಳೆ. ಅಲ್ಲಿಂದ ಕಥೆ ಕವಲೊಡೆಯುತ್ತದೆ. ಬಹುಪಾಲು ಪ್ರಸಂಗಗಳು ಎಡೆಬಿಡದ ಒಂದೇ ಚಿತ್ರಿಕೆಯಲ್ಲಿ ಸಾಗಿ, ಎಷ್ಟೋ ವೇಳೆ ಮಾತಿನ ನಡುವೆಯೇ ಕಡಿದು, ತೆರೆ ಕಪ್ಪಾಗುತ್ತದೆ.

ನೆಲದಡಿಯ ಮೆಟ್ರೊ ರೈಲು ಚಿತ್ರದಲ್ಲಿ ಎರಡು ಬಗೆಯಾಗಿ ಕಾಣಿಸಿಕೊಳ್ಳುತ್ತದೆ. ಯುದ್ಧಭೂಮಿಯ ಛಾಯಾಗ್ರಾಹಕನಾದ ಜಾರ್ಜ್ ಎದುರಿಗೆ ಕುಳಿತ ಪ್ರಯಾಣಿಕರ ಮುಖಗಳನ್ನು ಅವರಿಗೆ ತಿಳಿಯದಂತೆ ಸೆರೆಹಿಡಿಯುತ್ತಾನೆ. ಅಲ್ಲಿ ನೋಟವಿದೆ, ಸಂಬಂಧವಿಲ್ಲ. ಮತ್ತೊಂದು ಪ್ರಸಂಗದಲ್ಲಿ ಅವನ ಸಂಗಾತಿ, ನಟಿ ಆನ್, ಇಂಥದೇ ರೈಲಿನಲ್ಲಿ ಕುಳಿತಿರುವಾಗ ಅರಬ್ ಮೂಲದ ತರುಣನೊಬ್ಬನು ಅವಳನ್ನು ಕೆಣಕಿ, ಕಡೆಗೆ ಮುಖಕ್ಕೆ ಉಗುಳುತ್ತಾನೆ. ಗಾಡಿ ತುಂಬ ಜನ; ಎಲ್ಲರೂ ಮೌನ. ಎದುರಿಸಲು ಏಳುವವನು ಒಬ್ಬನೇ, ಅರಬ್ ಮೂಲದವನೇ ಆದ ಹಿರಿಯ. ಆತನ ಹೆಸರನ್ನು ಚಿತ್ರ ನಮಗೆ ತಿಳಿಸುವುದಿಲ್ಲ.

ಈ ಪ್ರಸಂಗವನ್ನು ಅರಸೀಕೆರೆಗೂ ಹಳೇಬೀಡಿಗೂ ನಡುವಣ ಜಾವಗಲ್ಲಿನಂಥ ಊರಿನ ಬಸ್ಸಿನಿಂದ ಬಲ್ಲವರಿಗೆ, ಆ ಮೌನ ಪರದೇಶದ್ದೆಂದು ತೋರಬಹುದು. ನಮ್ಮ ಬಸ್ಸಿನಲ್ಲಿ ಪಕ್ಕದವರು ‘ಯಾವೂರಾಯ್ತು?’ ಎಂದು ಕೇಳದೆ ಬಿಡುವುದಿಲ್ಲ. ಆದರೆ ಅದರ ಹಿಂದೆಯೇ ‘ಯಾರ ಪೈಕಿ?’ ಎಂಬ ಪ್ರಶ್ನೆಯೂ ಬರುವುದುಂಟು. ಉತ್ತರ ದೊರೆತ ಮೇಲೆ ಮಾತು ಮುಂದುವರಿಯುವುದೂ ಉಂಟು, ನಿಲ್ಲುವುದೂ ಉಂಟು. ಪ್ಯಾರಿಸ್ಸಿನ ಸಂಕೇತ ಮೌನವಾದರೆ ನಮ್ಮದು ಮಾತು. ಎರಡೂ ಬಾಗಿಲನ್ನು ತೆರೆಯಬಲ್ಲವು, ಮುಚ್ಚಲೂ ಬಲ್ಲವು. ಹಾನೆಕೆಯ ಪ್ರಸಂಗದಲ್ಲಿ ಉಗುಳಿದವನೂ ರಕ್ಷಿಸಿದವನೂ ಒಂದೇ ‘ಪೈಕಿ’ಯವರು. ಆ ಪ್ರಶ್ನೆಯಿಂದ ಮನುಷ್ಯನನ್ನು ಅರಿಯಲಾಗದೆಂಬುದಕ್ಕೆ ಇದಕ್ಕಿಂತ ಸಮರ್ಥವಾದ ನಿದರ್ಶನ ಬೇಕಿಲ್ಲ.

ಕನ್ನಡದಲ್ಲಿ ಪುಟ್ಟಣ್ಣ ಕಣಗಾಲ್ 1976ರ ‘ಕಥಾಸಂಗಮ’ದಲ್ಲಿ ಮೂವರು ಲೇಖಕರ ಮೂರು ಕಥೆಗಳನ್ನು ಒಂದು ಚಿತ್ರವಾಗಿಸಿದರು. ಅಲ್ಲಿ ಪ್ರತಿಯೊಂದು ಕಥೆಯೂ ತನ್ನಷ್ಟಕ್ಕೆ ಪೂರ್ಣ. ಒಂದರ ಪಾತ್ರ ಇನ್ನೊಂದಕ್ಕೆ ಕಾಲಿಡುವುದಿಲ್ಲ. ಹಾನೆಕೆಯ ಕಥೆಗಳಾದರೋ ಅಪೂರ್ಣ, ಆದರೆ ಒಂದರ ಗಾಯ ಇನ್ನೊಂದರಲ್ಲಿ ನೋಯುತ್ತದೆ. ಜಾವಗಲ್ಲಿನ ಲಕ್ಷ್ಮೀನರಸಿಂಹ ದೇವಾಲಯವು 13ನೆಯ ಶತಮಾನದ ತ್ರಿಕೂಟ. ಮೂರು ಗರ್ಭಗುಡಿಗಳು ಬೇರೆಬೇರೆ, ನವರಂಗ ಒಂದೇ. ಬಿಡಿಗತೆಗಳ ಕೃತಿಗೆ ಅಂಥ ನವರಂಗವೊಂದು ಬೇಕು. ಈ ಚಿತ್ರದಲ್ಲಿ ಬೀದಿಯೂ ರೈಲುಗಾಡಿಯೂ ಆ ಸ್ಥಾನದಲ್ಲಿವೆ.

ಹಾಗೆಂದು ಚಿತ್ರ ನಿರ್ದುಷ್ಟವೆನ್ನುವಂತಿಲ್ಲ. ಆನ್‌ಳ ಬಾಳಿನ ಕಡಿದ ತುಣುಕುಗಳನ್ನು ನಾವು ಕೂಡಿಸಿಕೊಳ್ಳಬಲ್ಲೆವು. ಅಮಾದುವಿನ ಕುಟುಂಬದ ಎಳೆ ಮಾತ್ರ ತೆಳುವಾಗಿಯೇ ಉಳಿಯುತ್ತದೆ. ಠಾಣೆಯಲ್ಲಿ ಯಾರ ಮಾತು ನಡೆಯಲಿಲ್ಲವೋ ಅವನ ಮಾತನ್ನು ಚಿತ್ರವೂ ಪೂರ್ತಿ ಕೇಳಲಿಲ್ಲವೆಂಬ ಕೊರಗು ಉಳಿಯುತ್ತದೆ. ಅಪೂರ್ಣತೆ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ.

ಈ ಕೊರತೆಯಿದ್ದೂ ಚಿತ್ರದ ಸಾಧನೆ ದೊಡ್ಡದು. ಮೊದಲಲ್ಲಿ ಬೀಗದ ಸಂಕೇತ ಬದಲಾದುದರಿಂದ ತರುಣನೊಬ್ಬ ಮನೆಯ ಹೊರಗುಳಿಯುತ್ತಾನೆ. ಕೊನೆಯಲ್ಲಿ ಜಾರ್ಜನಿಗೂ ಅದೇ ಗತಿ. ಮನೆಯ ಸಂಕೇತ ತಿಳಿಯದಿದ್ದರೆ ಬಾಗಿಲು ತೆರೆಯದು. ಆದರೆ ಆ ಹಿರಿಯ ಪ್ರಯಾಣಿಕನಿಗೆ ಎದ್ದು ನಿಲ್ಲಲು ಯಾವ ಸಂಕೇತವೂ ಬೇಕಾಗಲಿಲ್ಲ; ಆನ್‌ಳ ಹೆಸರನ್ನೂ ಆತ ಕೇಳಲಿಲ್ಲ. ಬಿಡಿಗತೆಗಳ ಸೂತ್ರವನ್ನು ಹುಡುಕುವ ವಿಮರ್ಶಕನು ನಿಲ್ಲಬೇಕಾದುದು ಈ ಗಳಿಗೆಯ ಬಳಿಯಲ್ಲಿ.