ಹೊಳೆ ಹಂಚಿದ ಜಾಗ
ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲಿಂದ ಮಂಡಕ್ಕಿ ಎರಚಿದರೆ ಮಹಶೀರ್ ಮೀನುಗಳು ಮುಗಿಬೀಳುತ್ತವೆ; ಎಲ್ಲರ ಕಣ್ಣೂ ಅಲ್ಲೇ. ನನಗೆ ಅದಕ್ಕಿಂತ ದೊಡ್ಡ ಬೆರಗು, ಮಲೆನಾಡಿನ ಹೊಳೆ ತನ್ನ ಮೀನುಗಳಿಗೆ ಜಾಗ ಹಂಚಿರುವ ಅಚ್ಚುಕಟ್ಟು. ಸೆಳವಿನಲ್ಲಿ ಬಾಲಿಟೋರಾ ಎಂಬ ಮೀನು ಚಪ್ಪಟೆ ಹೊಟ್ಟೆಯೂರಿ, ಬೀಸಣಿಗೆಯಂಥ ರೆಕ್ಕೆ ಹರಡಿ ಬಂಡೆಗೆ ಅಂಟಿಕೊಳ್ಳುತ್ತದೆ. ಗಾರಾ ಮೀನು ಬಾಯಿಯ ಕೆಳಗಿನ ದುಂಡನೆಯ ಅಂಟುಬಿಲ್ಲೆಯಿಂದ ಕಲ್ಲು ಹಿಡಿದು ಪಾಚಿ ಕೆರೆಯುತ್ತದೆ. ಬೆಳ್ಳಿಮೈಯ ಬರಿಲಿಯಸ್ ಮೇಲ್ನೀರಿನಲ್ಲಿ, ಉದುರುವ ಹುಳುವಿಗಾಗಿ ಕಾಯುತ್ತದೆ. ಆಳದ ಮಡು ಮಹಶೀರ್‌ಗೆ. ಜಲಪಾತವನ್ನು ಹತ್ತಲಾರದ ಮೀನುಗಳೇ ಹೆಚ್ಚು, ಹಾಗಾಗಿ ಅದರ ಮೇಲಿನ ಹೊಳೆಯಲ್ಲಿ ಜಾತಿಗಳು ಕಡಿಮೆ. ಕೆಳಗಿಳಿದಂತೆ ಮಡು, ಮರಳು, ಜೊಂಡು ಕೂಡಿ ಬಗೆಗಳು ಹೆಚ್ಚುತ್ತವೆ. ಒಡ್ಡು ಕಟ್ಟಿ ನೀರು ನಿಲ್ಲಿಸಿದರೆ ಹೂಳು ಕೂತು ಬಂಡೆಯ ಮೀನುಗಳು ನೆಲೆ ಕಳೆದುಕೊಳ್ಳುತ್ತವೆ. ಮೀನು ಉಳಿಯಬೇಕೆ? ಮೊದಲು ಹೊಳೆಯನ್ನು ಹರಿಯಲು ಬಿಡಿ.