ಖುಲ್ದಾಬಾದ್‌ನಲ್ಲಿ ಇಳಿಯದವರು

ಛತ್ರಪತಿ ಸಂಭಾಜಿನಗರಕ್ಕೆ, ಅಂದರೆ ನಮ್ಮ ಹಿರಿಯರ ಬಾಯಲ್ಲಿ ಇನ್ನೂ ಔರಂಗಾಬಾದ್ ಆಗಿಯೇ ಇರುವ ಊರಿಗೆ, ಹೋಗಿ ಬಂದವರನ್ನು 'ಏನೇನು ನೋಡಿದಿರಿ?' ಅಂತ ಕೇಳಿ ನೋಡಿ. ಉತ್ತರ ಸಾಮಾನ್ಯವಾಗಿ ಎರಡೇ ಬಗೆ. ಕೆಲವರು ಬೀಬಿ ಕಾ ಮಕ್ಬರಾ, ದೌಲತಾಬಾದ್ ಕೋಟೆ, ಎಲ್ಲೋರ ಅಂತಾರೆ. ಇನ್ನು ಕೆಲವರು ಖುಲ್ದಾಬಾದ್‌ನಲ್ಲಿ ಝಿಯಾರತ್ ಮುಗಿಸಿಕೊಂಡು ಬಂದೆವು ಅಂತಾರೆ. ಖುಲ್ದಾಬಾದ್‌ನಿಂದ ಎಲ್ಲೋರಕ್ಕೆ ನಾಲ್ಕೈದು ಕಿಲೋಮೀಟರ್ ಅಷ್ಟೆ. ಆದರೂ ಮೊದಲಿನವರು ಅಲ್ಲಿ ಇಳಿಯುವುದಿಲ್ಲ, ಎರಡನೆಯವರು ಅಲ್ಲಿಂದ ಮುಂದೆ ಹೋಗುವುದಿಲ್ಲ.

ಇದಕ್ಕೆ ಸಮಯದ ಕೊರತೆ ಕಾರಣವಲ್ಲ. ನಾವು ಚರಿತ್ರೆಯನ್ನು ಓದುವ ರೀತಿಯೇ ಹೀಗೆ. 'ಇದು ನಮ್ಮದು, ಅದು ಅವರದು' ಎಂದು ಮೊದಲೇ ಪಟ್ಟಿ ಮಾಡಿಕೊಂಡು ಮನೆಯಿಂದ ಹೊರಡುತ್ತೇವೆ. ಆಮೇಲೆ ಟ್ಯಾಕ್ಸಿಯವನು ಆ ಪಟ್ಟಿಯಂತೆ ತಿರುಗಿಸಿ ತಂದುಬಿಡುತ್ತಾನೆ.

ಈ ಸೀಮೆ ಒಂದು ಕಾಲಕ್ಕೆ ರಾಜಧಾನಿ. 1327ರಲ್ಲಿ ಮುಹಮ್ಮದ್ ಬಿನ್ ತುಘಲಕ್ ದೇವಗಿರಿಗೆ ದೌಲತಾಬಾದ್ ಎಂದು ಹೆಸರಿಟ್ಟು ದೆಹಲಿಯ ಜನರನ್ನು ಇಲ್ಲಿಗೆ ಹೊರಡಿಸಿದ. ಶಾಲೆಯಲ್ಲಿ ಇದನ್ನು ಹುಚ್ಚು ದೊರೆಯ ಕಥೆ ಅಂತ ಹೇಳಿಕೊಟ್ಟು ಮುಗಿಸಿದರು, ನಾವೂ ನಕ್ಕು ಸುಮ್ಮನಾದೆವು. ಆದರೆ ಆ ವಲಸೆಯಲ್ಲಿ ಒಬ್ಬ ಪುಟ್ಟ ಹುಡುಗನೂ ತಂದೆಯ ಜೊತೆ ಬಂದಿದ್ದ. ತಂದೆ ಸಯ್ಯದ್ ಯೂಸುಫ್ ಹುಸೈನಿ, ಜನ ಕರೆಯುವ ಹೆಸರು ರಾಜು ಖತ್ತಾಲ್. ಅವರ ಗೋರಿ ಇರುವುದು ಖುಲ್ದಾಬಾದ್‌ನಲ್ಲಿ. ಆ ಹುಡುಗ ದೆಹಲಿಗೆ ಮರಳಿ, ತೈಮೂರನ ದಾಳಿಯ ಕಾಲಕ್ಕೆ ಮತ್ತೆ ದಕ್ಷಿಣಕ್ಕೆ ಹೊರಟು, ಮುಪ್ಪಿನಲ್ಲಿ ಕಲಬುರಗಿ ಸೇರಿದರು. ಅವರೇ ಖ್ವಾಜಾ ಬಂದೇ ನವಾಜ್. 1422ರಲ್ಲಿ ತೀರಿಕೊಂಡ ಅವರ ದರ್ಗಾಕ್ಕೆ ಇವತ್ತಿಗೂ ಎಲ್ಲ ಜಾತಿಯವರೂ ಬರುತ್ತಾರೆ.

ಈಗ ಅದೇ ರಸ್ತೆಯಲ್ಲಿ ಬಸ್ಸು ಹತ್ತಿ ಎಲ್ಲೋರಕ್ಕೆ ಬನ್ನಿ. ಒಂದೇ ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕಡಿಯುತ್ತ ಮಾಡಿದ ಕೈಲಾಸ ದೇವಾಲಯ ಎಂಟನೇ ಶತಮಾನದ ರಾಷ್ಟ್ರಕೂಟ ದೊರೆ ಒಂದನೇ ಕೃಷ್ಣನ ಕಾಲದ್ದು. ಅದೇ ವಂಶ ಮುಂದೆ ರಾಜಧಾನಿ ಮಾಡಿಕೊಂಡ ಮಾನ್ಯಖೇಟ ಯಾವುದು? ಇವತ್ತಿನ ಮಳಖೇಡ, ಅದೂ ಕಲಬುರಗಿ ಜಿಲ್ಲೆಯೇ! ಅಂದರೆ ಖುಲ್ದಾಬಾದ್‌ನಲ್ಲಿ ಇಳಿದರೂ ಎಲ್ಲೋರದಲ್ಲಿ ಇಳಿದರೂ ಕನ್ನಡಿಗನ ದಾರಿ ಮನೆಗೇ ಬರುತ್ತದೆ. 1956ರ ತನಕ ಔರಂಗಾಬಾದ್ ಮತ್ತು ಗುಲ್ಬರ್ಗ ಎರಡೂ ಹೈದರಾಬಾದ್ ರಾಜ್ಯದ ಜಿಲ್ಲೆಗಳಾಗಿದ್ದವು ಅನ್ನೋದನ್ನೂ ನಾವು ಮರೆತಿದ್ದೇವೆ.

ಮರೆತವರ ಸಾಲಿನಲ್ಲಿ ಮಲಿಕ್ ಅಂಬರ್ ಮೊದಲಿಗ. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ಅಹ್ಮದ್‌ನಗರದ ನಿಜಾಮಶಾಹಿಯ ಆಡಳಿತವನ್ನೇ ಕೈಗೆ ತೆಗೆದುಕೊಂಡವನು. 1610ರಲ್ಲಿ ಖಡ್ಕಿ ಎಂಬ ಹೆಸರಿನಲ್ಲಿ ಈ ನಗರವನ್ನು ಕಟ್ಟಿದವನೂ ಅವನೇ. ನೆಲದೊಳಗಿನ ಕಾಲುವೆಗಳಿಂದ ಊರಿಗೆ ನೀರು ಕೊಟ್ಟ. ದೂರದ ನೀರನ್ನು ಮಣ್ಣಿನ ಕೊಳವೆಗಳಲ್ಲಿ ತರುವ ಆ ವಿದ್ಯೆಯನ್ನು ಪನ್‌ಚಕ್ಕಿಯಲ್ಲೂ ಕಾಣಬಹುದು. ಅಲ್ಲಿ ಕೊಳದ ಮುಂದೆ ಸೆಲ್ಫಿ ತೆಗೆಯುವವರಿಗೆ, ಆ ಗಿರಣಿ ತಿರುಗಿದ್ದು ದರ್ಗಾಕ್ಕೆ ಬಂದ ಫಕೀರರ ಹಿಟ್ಟಿಗಾಗಿ ಅಂತ ಯಾರಾದರೂ ಹೇಳಬೇಕು. ಅಂಬರನ ಗೋರಿಯೂ ಖುಲ್ದಾಬಾದ್‌ನಲ್ಲೇ ಇದೆ. ಟಿವಿಯವರಿಗೆ ಮಾತ್ರ ಆ ಊರಲ್ಲಿ ಕಾಣುವುದು ಒಂದೇ ಗೋರಿ, ಔರಂಗಜೇಬನದು. ಜಗಳಕ್ಕೆ ಒದಗುವ ಗೋರಿ ನೆನಪಿರುತ್ತದೆ, ನೀರು ಕೊಟ್ಟವನದು ಇರುವುದಿಲ್ಲ.

ಇನ್ನು ಹೆಸರಿನ ಮಾತು. ಖಡ್ಕಿ, ಫತೇನಗರ, ಔರಂಗಾಬಾದ್, ಈಗ ಛತ್ರಪತಿ ಸಂಭಾಜಿನಗರ. ಇದರ ಬಗ್ಗೆ ಕೋಪವೋ ಸಂಭ್ರಮವೋ ಪಡುವ ಮೊದಲು ನಾಶಿಕ್‌ನಲ್ಲಿ ಒಂದು ದಿನ ನಿಲ್ಲಿ. ತ್ರ್ಯಂಬಕ್ ರಸ್ತೆಯ ಆಂಜನೇರಿಯಲ್ಲಿ ನಾಣ್ಯಗಳ ಮ್ಯೂಸಿಯಂ ಇದೆ, ಬಸ್ಸಿನಲ್ಲೇ ಹೋಗಬಹುದು. ನಾಣ್ಯ ಓದುವುದು ಹೇಗೆ ಅಂತ ಅಲ್ಲಿ ಕಲಿಯಬಹುದು. 1906ರಲ್ಲಿ ನಾಶಿಕ್ ಜಿಲ್ಲೆಯ ಜೋಗಲ್‌ಟೆಂಭಿಯಲ್ಲಿ 13 ಸಾವಿರಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳು ಸಿಕ್ಕವು. ಎಲ್ಲವೂ ಕ್ಷತ್ರಪ ದೊರೆ ನಹಪಾನನವು. ಅವನನ್ನು ಸೋಲಿಸಿದ ಗೌತಮೀಪುತ್ರ ಶಾತಕರ್ಣಿ ಅವುಗಳಲ್ಲಿ ಹೆಚ್ಚಿನವನ್ನು ಕರಗಿಸದೆ, ಅವುಗಳ ಮೇಲೇ ತನ್ನ ಮುದ್ರೆ ಒತ್ತಿಸಿದ. ಕಣ್ಣಿಟ್ಟು ನೋಡಿದರೆ ಕೆಳಗಿನ ಹಳೆಯ ಮುಖದ ಗೆರೆ ಕಾಣುತ್ತದೆ. ಗೆದ್ದವನ ಮುದ್ರೆ ಮೇಲೆ, ಸೋತವನ ಮುಖ ಕೆಳಗೆ. ಎರಡನ್ನೂ ಓದಿದವನಿಗೆ ಮಾತ್ರ ಅದು ಚರಿತ್ರೆ.

ನಮ್ಮವರ ಮೇಲೆ ನನಗಿರುವ ದೂರು ಇದೇ. 'ನಮ್ಮ ಚರಿತ್ರೆ ಅಳಿಸುತ್ತಿದ್ದಾರೆ' ಅಂತ ಭಾಷಣ ಮಾಡುತ್ತೇವೆ, ಮಕ್ಕಳಿಗೆ ಮಲಿಕ್ ಅಂಬರನ ಹೆಸರು ಹೇಳಿಕೊಟ್ಟಿಲ್ಲ. ದರ್ಗಾದ ತನಕ ಹೋಗಿ, ಕೈಲಾಸ ನೋಡದೆ ವಾಪಸು ಬರುತ್ತೇವೆ. ನಾವೇ ಅರ್ಧ ನೋಡುವವರಾದರೆ, ಇನ್ನೊಬ್ಬರು ಪೂರ್ತಿ ನೋಡಲಿ ಅಂತ ಕೇಳುವ ಬಾಯಿ ನಮಗೆಲ್ಲಿದೆ?

ಪ್ರವಾಸ ಕರೆದೊಯ್ಯುವ ಮೇಷ್ಟ್ರುಗಳೇ, ಈ ಸಲ ಮಕ್ಕಳನ್ನು ಎಸ್‌ಟಿ ಬಸ್ಸಿಗೆ ಹತ್ತಿಸಿ. ಎಲ್ಲೋರಕ್ಕೆ ಮಂಗಳವಾರ ರಜೆ, ಅದನ್ನು ಬಿಟ್ಟು ಬೇರೆ ದಿನ ಹೊರಡಿ. ಎರಡೂ ಕಡೆ ಇಳಿಯಿರಿ.