ಟೆನ್ಶನ್ ಅನ್ನುವ ಮುಂಚೆ

ಜಪಾನಿನ ಮನೋದೈಹಿಕ ವೈದ್ಯಶಾಸ್ತ್ರದ ಪ್ರಸ್ತಾಪ ಬಂದರೆ ಸಾಕು, ನಮ್ಮವರಿಗೆ ಝೆನ್ ನೆನಪಾಗುತ್ತದೆ. ದೇಹ, ಮನಸ್ಸು ಒಂದೇ ಎಂಬ ಪೂರ್ವದ ಅರಿವು ಅಲ್ಲಿ ಆಸ್ಪತ್ರೆಯ ವಿಭಾಗವಾಯಿತು, ನಮ್ಮಲ್ಲೂ ಅಂಥದ್ದೊಂದು ಬೇಕು ಎನ್ನುತ್ತಾರೆ. ಕೇಳಲು ಹಿತವಾಗಿದೆ, ಇತಿಹಾಸ ಮಾತ್ರ ಬೇರೆ.

ಕ್ಯೂಶು ವಿಶ್ವವಿದ್ಯಾಲಯದ ಯುಜಿರೊ ಇಕೆಮಿ ಯುದ್ಧಾನಂತರ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಕಲಿತು ಬಂದ ಫಿಸಿಶಿಯನ್. ಮನೋದೈಹಿಕ ವೈದ್ಯಶಾಸ್ತ್ರಕ್ಕೆಂದೇ ಜಪಾನಿನ ಮೊದಲ ವಿಭಾಗ 1963ರಲ್ಲಿ ಕ್ಯೂಶುವಿನಲ್ಲೇ ತೆರೆಯಿತು. ಇಕೆಮಿ ಝೆನ್ ಬಗ್ಗೆಯೂ ಬರೆದರು, ನಿಜ. ಆದರೆ ವಿಭಾಗ ನೆಲೆ ನಿಂತದ್ದು ಧ್ಯಾನಮಂದಿರದಲ್ಲಲ್ಲ. ಹೊಟ್ಟೆಹುಣ್ಣು, ಆಸ್ತಮಾ ನೋಡುವ ಇಂಟರ್ನಲ್ ಮೆಡಿಸಿನ್‌ನೊಳಗೆ. 1996ರಲ್ಲಿ ಮನೋದೈಹಿಕ ವಿಭಾಗದ ಹೆಸರನ್ನು ಕ್ಲಿನಿಕ್ ಬೋರ್ಡಿನಲ್ಲಿ ಹಾಕಿಕೊಳ್ಳಲು ಸರ್ಕಾರದ ಒಪ್ಪಿಗೆ ಸಿಕ್ಕಿತು. ಆಮೇಲೆ ಮನೋವೈದ್ಯರೂ ಅದೇ ಬೋರ್ಡು ತಗುಲಿಹಾಕಿದರು. ಹುಚ್ಚರ ಡಾಕ್ಟರ ಬಳಿ ಹೋದ ಎನ್ನಿಸಿಕೊಳ್ಳಲು ಅಂಜುವವರಿಗೆ ಅದು ಅನುಕೂಲ. ಇದರಲ್ಲಿ ಪೂರ್ವದ ಅರಿವಿಗಿಂತ ಲೋಕದ ನಾಚಿಕೆಯೇ ಹೆಚ್ಚು ಕೆಲಸ ಮಾಡಿದೆ.

ಕೋಲಾರದ ಚಿನ್ನದ ಗಣಿಗಳ ಊರಾದ ನಮ್ಮ ಕೆಜಿಎಫ್‌ನಲ್ಲಿ, ಎಲ್ಲವೂ ಮನಸ್ಸಿನದೇ ಎಂಬ ಈ ಎರವಲು ಅಪಾಯಕರವೂ ಹೌದು. 1940ರ ದಶಕದ ತಪಾಸಣೆಯಲ್ಲಿ ಇಲ್ಲಿನ ಗಣಿಕಾರ್ಮಿಕರಲ್ಲಿ ಶೇಕಡ 40ಕ್ಕೂ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇತ್ತು. ಕಲ್ಲುಧೂಳು ಶ್ವಾಸಕೋಶದಲ್ಲಿ ಮಾಡಿದ ಗಾಯ ಕೆಲಸ ಬಿಟ್ಟ ಮೇಲೂ ಬಲಿಯಬಹುದು, ಜೊತೆಗೆ ಟಿಬಿಯನ್ನೂ ಕರೆತರಬಹುದು. ಗಣಿ 2001ರಲ್ಲಿ ಮುಚ್ಚಿತು, ಉಬ್ಬಸ ಮುಚ್ಚಲಿಲ್ಲ. ಹಳೆಯ ಗಣಿಕಾರ್ಮಿಕನೊಬ್ಬ ಎದೆ ಬಿಗಿಯುತ್ತದೆ ಎಂದು ಬಂದರೆ ಮೊದಲು ಎಕ್ಸ್‌ರೇ, ಕಫ ಪರೀಕ್ಷೆ. 'ಎಲ್ಲ ಟೆನ್ಶನ್ನು ಕಣಪ್ಪ' ಎಂದು ಕಳಿಸುವುದು ಮನೋದೈಹಿಕ ಚಿಕಿತ್ಸೆಯಲ್ಲ, ಸೋಮಾರಿತನ.

ಹಾಗೆಂದು ಎಕ್ಸ್‌ರೇ ನೋಡಿ ಫೈಲು ಮುಚ್ಚುವುದೂ ಸರಿಯಲ್ಲ. ಉಸಿರು ಕಟ್ಟುವ ಭಯವೇ ಉಸಿರಾಟವನ್ನು ಕೆಡಿಸುತ್ತದೆ. ಇನ್ನು ಗಣಿ ಮುಚ್ಚಿದ ಮೇಲೆ ಆ ಕಾರ್ಮಿಕರ ಮಕ್ಕಳು ಮಾರಿಕುಪ್ಪಂನಲ್ಲಿ ರೈಲು ಹತ್ತಿ, ಬಂಗಾರಪೇಟೆ ದಾಟಿ ದಿನವೂ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಅವರ ನಿದ್ದೆಗೇಡು, ತಲೆನೋವು, ಗ್ಯಾಸ್ ತೊಂದರೆಗೆ ಮಾತ್ರೆಯೊಂದೇ ಉತ್ತರವಲ್ಲ. ಹಾಗೆಂದು ಬೆಂಗಳೂರಿನ ಮನೋವೈದ್ಯ ಆಸ್ಪತ್ರೆ ನಿಮ್ಹಾನ್ಸ್‌ಗೆ ಚೀಟಿ ಬರೆದರೆ ಒಂದು ದಿನದ ಕೂಲಿ ಹೋಯಿತು.

ಇಕೆಮಿಯಿಂದ ಕಲಿಯಬಹುದಾದದ್ದು ಹೊಟ್ಟೆ ಮುಟ್ಟಿ ನೋಡಿದ ವೈದ್ಯನೇ ಮನೆಯ ಸಾಲವನ್ನೂ ವಿಚಾರಿಸುವುದು. ಅದಕ್ಕೆ ಹೊಸ ವಿಭಾಗ, ಹೊಸ ಬೋರ್ಡು ಬೇಕಿಲ್ಲ. ಸರ್ಕಾರಿ ಆಸ್ಪತ್ರೆಯ ಫಿಸಿಶಿಯನ್‌ಗೆ ಒಬ್ಬೊಬ್ಬ ರೋಗಿಯ ಜೊತೆ ಕಾಲು ಗಂಟೆ ಕೂರುವಷ್ಟು ಬಿಡುವು ಬೇಕು. ಒಪಿಡಿ ಚೀಟಿಯಲ್ಲಿ ಇನ್ನೊಂದು ಸಾಲು ಬೇಕು: ಗಣಿಯಲ್ಲಿ ಎಷ್ಟು ವರ್ಷ, ನೆಲದಡಿಯೋ, ಮೇಲೋ?